ಮೇಜಿನ ಕಾಲಡಿಯ ದೂರುಗಳು

ನಗರಸಭೆಯ ದಾಖಲೆ ಕೋಣೆಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ಇದ್ದೇನೆ. ಈ ಊರಲ್ಲಿ ಹುಟ್ಟಿದವರು, ಸತ್ತವರು, ಮನೆ ಕಟ್ಟಿದವರು, ಪಕ್ಕದವರ ಜಾಗದಲ್ಲಿ ಅರ್ಧ ಅಡಿ ಗೋಡೆ ನುಗ್ಗಿಸಿದವರು, ಎಲ್ಲರೂ ನನ್ನ ಕಪಾಟುಗಳಲ್ಲಿ ಮಲಗಿದ್ದಾರೆ. ಯಾರನ್ನು ಹುಡುಕಿಕೊಂಡು ಯಾರೇ ಬರಲಿ, ಬರಿಗೈಯಲ್ಲಿ ಕಳಿಸಿದವಳಲ್ಲ ನಾನು. ಜಂಭ ಅಂತೀರಾ, ಅನ್ನಿ. ಮೇಲಿನವರು ಯಾರೂ ಹೊಗಳುವುದಿಲ್ಲ, ಹಾಗಾಗಿ ಆ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಕೋಣೆ ಇರುವುದು ಕಟ್ಟಡದ ಹಿಂಭಾಗದಲ್ಲಿ. ಮೂರು ಸಾಲು ಕಪಾಟು, ಒಂದು ಏಣಿ, ಒಂದು ಮೇಜು, ಹಿಂದಿನ ಓಣಿಗೆ ತೆರೆಯುವ ಒಂದು ಕಿಟಕಿ. ಮೇಜಿನ ಒಂದು ಕಾಲು ಗಿಡ್ಡ. ಬೇರೆ ಮೇಜು ಕೊಡಿ ಎಂದು ಹನ್ನೊಂದು ಸಲ ಬರೆದು ಸಾಕಾಗಿ, ಕೆಲಸಕ್ಕೆ ಬಾರದ ಕಾಗದಗಳ ಒಂದು ಕಟ್ಟನ್ನು ಆ ಕಾಲಿನ ಅಡಿಗೆ ತುರುಕಿದ್ದೆ. ಅಂದಿನಿಂದ ಮೇಜು ಬಂಡೆಯ ಹಾಗೆ ನಿಂತಿತ್ತು.

ಕಿಟಕಿಯ ವಿಷಯವನ್ನೂ ಹೇಳಬೇಕು. ಪ್ರತಿ ಶನಿವಾರ ಮಧ್ಯಾಹ್ನ ನಾನು ರಿಜಿಸ್ಟರುಗಳನ್ನು ಕಿಟಕಿಯಾಚೆ ಹಿಡಿದು, ಒಂದೊಂದಕ್ಕೂ ನಾಲ್ಕು ಬಾರಿಸಿ ಧೂಳು ಕೊಡವುತ್ತಿದ್ದೆ. ಓಣಿಯ ಆಚೆ ಬದಿಯಲ್ಲಿ ಇರುವ ಒಬ್ಬ ಹೆಂಗಸಿಗೆ ಅದು ಆಗುತ್ತಿರಲಿಲ್ಲ. ಒಣಹಾಕಿದ ಬೆಡ್‌ಶೀಟುಗಳ ಹಿಂದಿನಿಂದ ಅವಳ ಒಂದು ಕೈ ಮಾತ್ರ ಕಾಣುತ್ತಿತ್ತು, ಆ ಕೈಯಲ್ಲಿ ಒಂದು ಕೋಲು. ಗಂಟಲು ಮಾತ್ರ ಇಡೀ ಓಣಿಗೆ ಸಾಕಾಗಿ ಮಿಗುವಂಥದ್ದು. ನಾನು ಅವಳಿಗೆ ಕಿಟಕಿ ಚಂಡಿ ಎಂದು ಹೆಸರಿಟ್ಟಿದ್ದೆ. ಅವಳು ನನಗೆ ಏನು ಹೆಸರಿಟ್ಟಿದ್ದಳೋ, ತಿಳಿಯದಿರುವುದೇ ಕ್ಷೇಮ.

ಇಷ್ಟರ ಮಧ್ಯೆ ಒಂದು ಸೋಮವಾರ ಬೆಳಿಗ್ಗೆ ಒಬ್ಬರು ಬಂದರು. ಅರವತ್ತು ದಾಟಿದವರು, ಗುಂಡಗೆ, ಪುಟ್ಟಗೆ, ಉಟ್ಟ ಬಟ್ಟೆಯಲ್ಲಿ ಒಂದೇ ಒಂದು ಸುಕ್ಕಿಲ್ಲ. ಆಸ್ಪತ್ರೆಯ ಬಟ್ಟೆಗಳನ್ನು ಮೂವತ್ತು ವರ್ಷ ಇಸ್ತ್ರಿ ಮಾಡಿ ನಿವೃತ್ತರಾದವರಂತೆ. ಮನಸ್ಸಿನಲ್ಲೇ ಅವರನ್ನು ಇಸ್ತ್ರಿಯಮ್ಮ ಎಂದು ಕರೆದುಕೊಂಡೆ.

"ನನ್ನ ಅಕ್ಕ ಬೇಕು," ಅಂದರು, ಅಂಗಡಿಯಲ್ಲಿ ಸೋಪು ಕೇಳಿದ ಹಾಗೆ.

"ಯಾವತ್ತಿಂದ ಕಾಣ್ತಿಲ್ಲ?"

"ಮೂವತ್ತೊಂದು ವರ್ಷದಿಂದ."

"ಈಗ ನೆನಪಾಯ್ತಾ?" ಬಾಯಿತಪ್ಪಿ ಬಂದುಬಿಟ್ಟಿತು. ಬಾಯಿತಪ್ಪುವುದು ನನಗೆ ದಿನಕ್ಕೆ ಹತ್ತು ಸಲ ಆಗುತ್ತದೆ.

ಅವರು ಬೇಸರಿಸಲಿಲ್ಲ. "ಈ ಶುಕ್ರವಾರ ಹನ್ನೊಂದು ಗಂಟೆಗೆ ನನ್ನ ಮದುವೆ ಕಣಮ್ಮ. ನಿಮ್ಮ ಮಹಡಿ ಮೇಲೇ, ನೋಂದಣಿ ಕಚೇರೀಲಿ. ಸಾಕ್ಷಿ ಸಹಿ ಅಕ್ಕನೇ ಹಾಕ್ಬೇಕು. ಅವಳಿಲ್ದೆ ನಾನು ಸಹಿ ಹಾಕಲ್ಲ ಅಂತ ಅವರಿಗೂ ಹೇಳಿಬಿಟ್ಟಿದೀನಿ."

"ಅವರೇನಂದ್ರು?"

"ಆಗ್ಲಿ, ಕಾಫಿ ಕುಡಿಯೋಣ ಅಂದ್ರು. ಅವರಿಗೆ ಕಿವಿ ಸ್ವಲ್ಪ ಮಂದ."

ವರ ಗಡಿಯಾರ ರಿಪೇರಿ ಮಾಡುವವರಂತೆ, ಎಪ್ಪತ್ತೆರಡು ವರ್ಷ. ಮದುವೆಯ ನೋಟಿಸಿನ ಅವಧಿ ಶುಕ್ರವಾರಕ್ಕೆ ಮುಗಿಯುತ್ತದೆ. ತಪ್ಪಿದರೆ ಮತ್ತೆ ಅರ್ಜಿ, ಮತ್ತೆ ನೋಟಿಸು, ಮತ್ತೆ ತಿಂಗಳುಗಟ್ಟಲೆ ಕಾಯಬೇಕು. "ಈ ವಯಸ್ಸಲ್ಲಿ ಕಾಯೋದು ಅಂದ್ರೆ ಸುಮ್ನೇನಾ?" ಅಂದರು ಇಸ್ತ್ರಿಯಮ್ಮ. ಅಕ್ಕ ಇಲ್ಲದೆಯೇ ಮದುವೆಯಾದರೆ ಏನು ಮುಳುಗಿಹೋಗುತ್ತದೆ ಎಂದು ಕೇಳಿದೆ. ಅವರು ಕೈಚೀಲದಿಂದ ನಾಲ್ಕು ಮಡಿಕೆಯ ಹಳೆಯ ಕಾಗದವೊಂದನ್ನು ತೆಗೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ಉಜ್ಜಿ ಸುಕ್ಕು ಬಿಡಿಸಿದರು. ನಗರಸಭೆಯದೇ ನೋಟಿಸು. 'ತಾವು ಪ್ರತಿದಿನ ಬೆಳಿಗ್ಗೆ ಆರರಿಂದ ಏಳು ಗಂಟೆಯವರೆಗೆ ಅಪಸ್ವರದಲ್ಲಿ ಹಾಡಿ ನೆರೆಯವರಿಗೆ ತೊಂದರೆ ಕೊಡುತ್ತಿರುವುದಾಗಿ ದೂರು ಬಂದಿದ್ದು' ಎಂದು ಶುರುವಾಗುತ್ತಿತ್ತು.

"ದೂರು ಕೊಟ್ಟಿದ್ದು ನೆರೆಯವರಲ್ಲ," ಅಂದರು. "ಅಕ್ಕ. ಒಂದೇ ಮನೆ, ಒಂದೇ ಅಡಿಗೆಮನೆ. ಅವಳು ಛಾಪಖಾನೇಲಿ ಕರಡು ತಿದ್ದೋಳು. ಬೆಳಿಗ್ಗೆ ಮನೇಲಿ ಕೂತು ತಿದ್ದುವಾಗ ನಾನು ಪಕ್ಕದ ರೂಮಲ್ಲಿ ಹಾಡ್ತಿದ್ದೆ. ಒಂದು ಮಾತು ನನಗೇ ಹೇಳಬಹುದಿತ್ತಲ್ವಾ?"

"ಹೇಳಿರಲಿಲ್ವಾ?"

"ದಿನಾ ಹೇಳ್ತಿದ್ದಳು," ಎಂದು ಇಸ್ತ್ರಿಯಮ್ಮ ಒಪ್ಪಿಕೊಂಡರು. "ಆದರೂ ಸರ್ಕಾರಿ ಮುದ್ರೆ ಹೊಡೆಸಿ ಹೇಳೋದಾ? ಸಿಟ್ಟು ನೆತ್ತಿಗೇರಿತು. ಇನ್ನು ಬದುಕಿರೋವರೆಗೂ ನನ್ನ ಸ್ವರ ನಿನ್ನ ಕಿವಿಗೆ ಬೀಳಲ್ಲ ಅಂದೆ. ಪೆಟ್ಟಿಗೆ ಎತ್ಕೊಂಡು ಹೊರಟೆ. ಆಮೇಲೆ ಬರೆದ ಕಾಗದ ಎಲ್ಲ ವಿಳಾಸದಲ್ಲಿ ಇಲ್ಲ ಅಂತ ವಾಪಸ್ ಬಂತು. ಅವಳೂ ಮನೆ ಬಿಟ್ಟಿದ್ದಳು. ನನಗೆ ಇರೋಳು ಅವಳೊಬ್ಬಳೇ ಕಣಮ್ಮ. ಅವಳು ಬಂದು ಇದರಲ್ಲೂ ಏನಾದ್ರೂ ತಪ್ಪು ಹುಡುಕದೇ ಹೋದ್ರೆ ನನಗೆ ಮದುವೆ ಆದ ಹಾಗೇ ಅನ್ನಿಸಲ್ಲ."

"ಇಲ್ಲಿಂದ ಯಾರೂ ಬರಿಗೈಲಿ ಹೋಗಿಲ್ಲ," ಎಂದು ಬುರುಡೆ ಬಿಟ್ಟು ಏಣಿ ಎಳೆದೆ.

ಸೋಮವಾರವಿಡೀ ಮಾಮೂಲು ದಾರಿಗಳಲ್ಲಿ ಹುಡುಕಿದೆ. ಅಕ್ಕನ ಹೆಸರಿನ ಹೆಂಗಸರು ಈ ಊರಲ್ಲಿ ಈಗ ನೂರಾ ಹದಿನೇಳು ಜನ. ತಂದೆಯ ಹೆಸರು, ಹುಟ್ಟಿದ ವರ್ಷ ಸೇರಿಸಿ ಜರಡಿ ಹಿಡಿದರೆ ಒಬ್ಬರೂ ಉಳಿಯಲಿಲ್ಲ. ಹಳೆಯ ಮತದಾರರ ಪಟ್ಟಿಗಳಲ್ಲಿ ಮಾತ್ರ, ಇಪ್ಪತ್ತು ವರ್ಷ ಹಿಂದಿನವರೆಗೆ, ಅಕ್ಕ ಇದ್ದರು. ಆಮೇಲೆ ಪಟ್ಟಿಯಲ್ಲಿ ತಮ್ಮ ವಯಸ್ಸು ಎರಡು ವರ್ಷ ಹೆಚ್ಚಾಗಿದೆ, ಈ ತಪ್ಪನ್ನು ಕೂಡಲೇ ತೆಗೆಯಿರಿ ಎಂದು ಬರೆದಿದ್ದಾರೆ. ಚುನಾವಣಾ ಶಾಖೆಯವರು ವಿಧೇಯರಾಗಿ ಅವರ ಹೆಸರನ್ನೇ ತೆಗೆದಿದ್ದಾರೆ. ಟೆಲಿಫೋನು ಹಾಕಿಸಿಕೊಂಡಿದ್ದು ಒಂಬತ್ತು ದಿನ; ಗಂಟೆ ಬಾರಿಸುತ್ತದೆ ಎಂಬ ಕಾರಣಕ್ಕೆ ವಾಪಸು ಕೊಟ್ಟಿದ್ದಾರೆ. ಸ್ವಂತ ಮನೆ ಇಲ್ಲ, ಹಾಗಾಗಿ ತೆರಿಗೆ ಪುಸ್ತಕದಲ್ಲೂ ಇಲ್ಲ. ಸಾವಿನ ರಿಜಿಸ್ಟರುಗಳನ್ನು ಇಸ್ತ್ರಿಯಮ್ಮ ಹೊರಗೆ ನೀರು ಕುಡಿಯಲು ಹೋದಾಗ ನೋಡಿದೆ. ಅದರಲ್ಲೂ ಇರಲಿಲ್ಲ. ಅಷ್ಟರ ಮಟ್ಟಿಗೆ ಉಸಿರು ಬಿಟ್ಟೆ.

"ಇಷ್ಟೆಲ್ಲ ತಪ್ಪು ಹುಡುಕೋರು ಅಂದ್ರೆ ನಮ್ಮ ದೂರು ಪುಸ್ತಕದಲ್ಲಿ ಇರಲೇಬೇಕು," ಎಂದೆ ಮಂಗಳವಾರ ಬೆಳಿಗ್ಗೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ದೂರು ಪುಸ್ತಕದಲ್ಲಿ ಹೆಸರಿನ ಮೇಲೆ ಯಾರನ್ನೂ ಹುಡುಕಲು ಬರುವುದಿಲ್ಲ. ನನಗಿಂತ ಮುಂಚೆ ಇಲ್ಲಿದ್ದ ಹಿರಿಯ ಗುಮಾಸ್ತರು ಮಾಡಿಟ್ಟ ವ್ಯವಸ್ಥೆ ಅದು. "ಜನ ಮನೆ ಬಿಡ್ತಾರೆ, ಚರಂಡಿ ಎಲ್ಲೂ ಹೋಗಲ್ಲ," ಅನ್ನುತ್ತಿದ್ದರು ಅವರು. ಹಾಗಾಗಿ ದೂರುಗಳನ್ನು ಜೋಡಿಸಿರುವುದು ಬೀದಿ ಮತ್ತು ತೊಂದರೆಯ ಪ್ರಕಾರ. ಚರಂಡಿ, ನಾಯಿ, ಕೋಳಿ, ವಾಸನೆ, ಸದ್ದು, ಇತರೆ. ಯಾವ ಬೀದಿಯಲ್ಲಿ ಯಾವುದಕ್ಕೆ ರೇಗಿದರು ಎಂದು ಗೊತ್ತಿದ್ದರೆ ಮಾತ್ರ ಮನುಷ್ಯ ಸಿಗುತ್ತಾನೆ.

ನಾನು ಇದನ್ನು ವಿವರಿಸಿದಾಗ ಇಸ್ತ್ರಿಯಮ್ಮ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಅಷ್ಟೇನಾ? ಅಕ್ಕ ಯಾವುದಕ್ಕೆ ರೇಗ್ತಾಳೆ ಅಂತ ಗೊತ್ತಿರೋರು ಈ ಭೂಮಿ ಮೇಲೆ ನನ್ನ ಬಿಟ್ರೆ ಇನ್ಯಾರಿದಾರೆ? ಬೀದಿ ಹೇಳ್ತಾ ಹೋಗಿ."

"ಸೇತುವೆ ರಸ್ತೆ."

"ಅಲ್ಲಿ ಮನೆಗಳ ಹಿಂದೆ ಹಿತ್ತಿಲಿದೆ. ಕೋಳಿ ನೋಡಿ."

ಕೋಳಿ ನೋಡಿದೆ. ಇಪ್ಪತ್ತೊಂಬತ್ತು ವರ್ಷ ಹಿಂದಿನ ಕಾಗದ. ಅಕ್ಷರ ಸಾಲಾಗಿ ನಿಂತ ಸೈನಿಕರ ಹಾಗೆ, ಮುಖ್ಯ ಮಾತುಗಳ ಕೆಳಗೆ ಅಳತೆಪಟ್ಟಿ ಇಟ್ಟು ಎಳೆದ ಗೆರೆ. 'ಎದುರು ಮನೆಯ ಹುಂಜವು ಬೆಳಗಿನ ಜಾವ ಕೂಗುವುದಕ್ಕೆ ನನ್ನ ಆಕ್ಷೇಪವಿಲ್ಲ. ಅದು ಮಧ್ಯಾಹ್ನ ಮೂರು ಹತ್ತಕ್ಕೆ ಕೂಗುತ್ತದೆ. ಹುಂಜಕ್ಕೆ ಅದರ ಕೆಲಸವನ್ನು ತಿಳಿಸಿಕೊಡಬೇಕಾಗಿ ವಿನಂತಿ.' ಕೆಳಗೆ ಹೆಸರು, ಸಹಿ.

"ಇದೇ ಅಕ್ಷರ!" ಇಸ್ತ್ರಿಯಮ್ಮ ಕಾಗದವನ್ನು ಎದೆಗೊತ್ತಿಕೊಂಡರು. ಸರ್ಕಾರಿ ದಾಖಲೆ ಎದೆಗೊತ್ತಿಕೊಳ್ಳಬಾರದು ಎಂಬ ನಿಯಮವಿದೆಯೋ ಇಲ್ಲವೋ ಗೊತ್ತಿಲ್ಲದೆ ಸುಮ್ಮನಾದೆ.

ಅಲ್ಲಿಂದ ನಮ್ಮಿಬ್ಬರಿಗೂ ಹುಚ್ಚು ಹಿಡಿಯಿತು. ನಾನು ಬೀದಿ ಹೇಳುವುದು, ಅವರು ಕಣ್ಣುಮುಚ್ಚಿ ಅಕ್ಕನನ್ನು ಆ ಬೀದಿಯಲ್ಲಿ ಮನಸ್ಸಿನಲ್ಲೇ ಕೂರಿಸಿ, ಅವಳ ಮೂಗು ಯಾವುದಕ್ಕೆ ಉಬ್ಬೀತು ಎಂದು ಯೋಚಿಸುವುದು. ಅಂಚೆ ಕಚೇರಿ ಬೀದಿಯಲ್ಲಿ 'ಸದ್ದು' ಅಂದರು. ಮಹಡಿಯ ಬಾಡಿಗೆದಾರ ಸಂಜೆಗೆ ಹದಿನಾಲ್ಕು ಸಲ ಕುರ್ಚಿ ಎಳೆಯುತ್ತಾನೆ ಎಂಬ ದೂರು, ಜೊತೆಗೆ ಒಂದು ತಿಂಗಳ ಲೆಕ್ಕದ ಪಟ್ಟಿ. ಕೆರೆ ರಸ್ತೆಯಲ್ಲಿ 'ನಾಯಿ' ಅಂದರು. 'ನಾಯಿ ಇದೆ ಎಚ್ಚರಿಕೆ ಎಂದು ಫಲಕ ಹಾಕಿದ್ದಾರೆ. ಆ ನಾಯಿ ನನ್ನನ್ನು ಕಂಡರೆ ಬಾಲ ಆಡಿಸುತ್ತದೆ. ಫಲಕವನ್ನಾದರೂ ತಿದ್ದಿಸಿ, ನಾಯಿಯನ್ನಾದರೂ ತಿದ್ದಿಸಿ.' ಬುಧವಾರ ಮಧ್ಯಾಹ್ನ 'ಇತರೆ' ಕಟ್ಟಿನಲ್ಲಿ ಸಿಕ್ಕಿದ್ದಂತೂ ನಗಿಸಿ ನಗಿಸಿ ನಮ್ಮ ಹೊಟ್ಟೆ ಹುಣ್ಣಾಗಿಸಿತು. ಪಕ್ಕದ ಮನೆಯಾತ ಜೋಕು ಹೇಳಿ ಮುಗಿಸುವ ಮೊದಲೇ ತಾನೇ ನಗುತ್ತಾನೆ, ಇದರಿಂದ ಗೋಡೆಯ ಈಚೆಗಿರುವವರಿಗೆ ಕೊನೆ ಏನಾಯಿತೆಂದು ತಿಳಿಯದೆ ಎರಡು ವರ್ಷಗಳಿಂದ ಸಂಕಟವಾಗಿದೆ, ಎಂದಿತ್ತು.

"ಮುಖ ಮರೆತುಹೋಗಿತ್ತು ಕಣಮ್ಮ ನನಗೆ," ಎಂದರು ಇಸ್ತ್ರಿಯಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಒಂದು ಫೋಟೋನೂ ಇಲ್ಲ. ಇದು ಓದ್ತಾ ಓದ್ತಾ ಪೂರ್ತಿ ಕಣ್ಮುಂದೆ ಬಂದಳು." ನಕ್ಕು ಬಂದ ನೀರೋ ಅತ್ತು ಬಂದ ನೀರೋ ನಾನು ಕೇಳಲಿಲ್ಲ.

ಗುರುವಾರ ಬೆಳಿಗ್ಗೆ ಗಡಿಯಾರ ಗೋಪುರದ ಓಣಿಗೆ ಬಂದೆವು. ಎಂಟು ವರ್ಷ ಹಿಂದಿನ ಕಾಗದ. ಗೋಪುರದ ಗಡಿಯಾರ ಎರಡು ನಿಮಿಷ ಹಿಂದಿದೆ, ಅದನ್ನು ನೋಡಿಕೊಳ್ಳುವಾತನಿಗೆ ಕಿವಿ ಕೇಳುವುದಿಲ್ಲವೆಂದು ಕಾಣುತ್ತದೆ, ಎಷ್ಟು ಕೂಗಿ ಹೇಳಿದರೂ ಕೈಬೀಸಿ ನಗುತ್ತಾನೆ, ಎಂದು ದೂರು. ಇಸ್ತ್ರಿಯಮ್ಮನ ಮುಖ ಕೆಂಪಾಯಿತು. "ಆ ಗಡಿಯಾರ ನೋಡ್ಕೋತಿದ್ದಿದ್ದು ನಮ್ಮವರೇ," ಅಂದರು.

ಆ ಕಾಗದದ ಅಂಚಿನಲ್ಲಿ 'ದೂರುದಾರರು ಮನೆ ಖಾಲಿ ಮಾಡಿರುತ್ತಾರೆ' ಎಂದು ಯಾರೋ ಗೀಚಿದ್ದರು. ಅಲ್ಲಿಂದ ಮುಂದೆ ಏನೂ ಇಲ್ಲ. ಎಪ್ಪತ್ತು ಬೀದಿಗಳ ಕೋಳಿ, ನಾಯಿ, ಚರಂಡಿ, ಇತರೆ ಎಲ್ಲವನ್ನೂ ಮಗುಚಿ ಹಾಕಿದೆವು. ಮಧ್ಯಾಹ್ನವಾಯಿತು, ನಾಲ್ಕು ಗಂಟೆಯಾಯಿತು. ನನ್ನ ಸೊಂಟ ಬಿದ್ದುಹೋಯಿತು. ಇಸ್ತ್ರಿಯಮ್ಮ ಮದುವೆಗೆಂದು ಕೊಂಡಿದ್ದ ಕರವಸ್ತ್ರವನ್ನು ಬಿಚ್ಚುತ್ತಾ ಮಡಚುತ್ತಾ ಕುಳಿತರು.

"ಎಂಟು ವರ್ಷ ದೂರು ಕೊಡದೆ ಇರೋ ಹೆಂಗಸಲ್ಲ ಅವಳು," ಅಂದರು ಕೊನೆಗೆ. "ಹೋಗಿಬಿಟ್ಟಿದಾಳೆ. ನಾನು ತಡ ಮಾಡಿದೆ."

"ಹೋಗಿದ್ರೆ ನನ್ನ ರಿಜಿಸ್ಟರಲ್ಲಿ ಇರ್ತಿದ್ರು. ನೋಡಿದೀನಿ. ಇಲ್ಲ."

"ಹಾಗಾದ್ರೆ ದೂರು ಬಂದೂ ಪುಸ್ತಕಕ್ಕೆ ಏರದೆ ಎಲ್ಲೋ ಉಳ್ಕೊಂಡಿರಬೇಕು."

"ಸಾಧ್ಯವೇ ಇಲ್ಲ," ಎಂದೆ ನಾನು ಸೆಟೆದು. "ಈ ಕೋಣೆಗೆ ಬಂದ ಪ್ರತಿಯೊಂದು ದೂರನ್ನೂ ನಾನು ನನ್ನ ಕೈಯಾರೆ..."

ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು.

ನಮ್ಮ ಕಚೇರಿಯ ಒಂದು ಪದ್ಧತಿ ಹೇಳುತ್ತೇನೆ, ನನ್ನನ್ನು ಮಾತ್ರ ಬಯ್ಯಬೇಡಿ. ಯಾವುದೇ ಶಾಖೆಯ ವಿರುದ್ಧ ದೂರು ಬಂದರೆ, ವಿವರಣೆ ಕೇಳಿ ಅದನ್ನು ಅದೇ ಶಾಖೆಗೆ ಕಳಿಸುತ್ತಾರೆ. 'ದಾಖಲೆ ಕೋಣೆಯ ವಿರುದ್ಧ' ಎಂದು ಗೀಚಿದ ಲಕೋಟೆಗಳು ಎಂಟು ವರ್ಷಗಳಿಂದ ನನಗೆ ಬರುತ್ತಿದ್ದವು. ನನ್ನ ಮೇಲಿನ ದೂರನ್ನು ನಾನೇ ಓದಿ ಹೊಟ್ಟೆ ಉರಿಸಿಕೊಳ್ಳುವುದು ಯಾಕೆ? ಲಕೋಟೆ ಒಡೆಯದೆಯೇ ಮೇಲೊಂದು 'ನೋಡಲಾಗಿದೆ' ಮುದ್ರೆ ಹೊಡೆದು ಕಟ್ಟಿಗೆ ಸೇರಿಸುತ್ತಿದ್ದೆ. ಆ ಕಟ್ಟು ಎಲ್ಲಿದೆ ಎಂದು ಈಗ ನಿಮಗೆ ಗೊತ್ತಾಯಿತಲ್ಲ.

ನಾನು ನೆಲಕ್ಕೆ ಕುಳಿತು ಮೇಜಿನ ಗಿಡ್ಡ ಕಾಲಿನ ಅಡಿಯಿಂದ ಕಟ್ಟನ್ನು ಎಳೆದೆ. ಮೇಜು ವಾಲಿ, ಮುದ್ರೆಯ ಶಾಯಿ ಡಬ್ಬಿ, ನೀರಿನ ಲೋಟ, ಮೂರು ದಿನದ ಕಾಗದ ಎಲ್ಲ ನನ್ನ ತಲೆಯ ಮೇಲೆಯೇ ಇಳಿದವು. ಇಸ್ತ್ರಿಯಮ್ಮ ಹೌಹಾರಿ ಎದ್ದರು. ನಾನು ಶಾಯಿ ಸುರಿಯುವ ಹಣೆಯನ್ನು ಒರೆಸಿಕೊಳ್ಳದೆ ಮೊದಲ ಲಕೋಟೆ ಒಡೆದೆ. ಸೈನಿಕರ ಹಾಗೆ ನಿಂತ ಅಕ್ಷರ. ಕೆಳಗೆ ಅಳತೆಪಟ್ಟಿಯ ಗೆರೆ. ವಿಳಾಸ: ದಾಖಲೆ ಕೋಣೆಯ ಕಿಟಕಿಯ ನೇರ ಎದುರು, ಹಿಂದಿನ ಓಣಿ.

ಎಂಟು ವರ್ಷ ನಾನು ಧೂಳು ಕೊಡವಿದ್ದು ಅವರ ಅಕ್ಕನ ಬೆಡ್‌ಶೀಟುಗಳ ಮೇಲೆ. ಭೂಮಿ ಬಾಯಿಬಿಟ್ಟಿದ್ದರೆ ಆಗಲೇ ಇಳಿದುಬಿಡುತ್ತಿದ್ದೆ.

ಅರವತ್ತೆರಡು ಕಾಗದಗಳಿದ್ದವು. ಬಹಳಷ್ಟು ಧೂಳಿನ ಬಗ್ಗೆ, ಕೆಲವು ನನ್ನ ಕೆಮ್ಮಿನ ಬಗ್ಗೆ, ಒಂದು ನಾನು ಆಕಳಿಸುವ ರೀತಿಯ ಬಗ್ಗೆ. ಇಸ್ತ್ರಿಯಮ್ಮ ಒಂದೊಂದನ್ನೇ ಬಿಡಿಸಿ ಓದುತ್ತಾ ಹೋದವರು ಒಂದು ಕಡೆ ನಿಂತುಬಿಟ್ಟರು. ಕಾಗದವನ್ನು ನನ್ನತ್ತ ಚಾಚಿದರು. 'ತಮ್ಮ ಗುಮಾಸ್ತೆ ದಿನವಿಡೀ ಮುದ್ರೆ ಕುಟ್ಟುತ್ತಾರೆ. ಆ ಕುಟ್ಟುವಿಕೆಗೆ ತಾಳವೆಂಬುದಿಲ್ಲ. ಇದಕ್ಕಿಂತ ನನ್ನ ತಂಗಿಯ ಹಾಡೇ ಎಷ್ಟೋ ವಾಸಿಯಾಗಿತ್ತು.'

"ಹೊಗಳಿದಾಳೆ!" ಅಂದರು ಇಸ್ತ್ರಿಯಮ್ಮ. "ನೋಡಮ್ಮ, ಹೊಗಳಿದಾಳೆ ನನ್ನ!"

ನನಗೆ ಅವಮಾನವಾಗಬೇಕಿತ್ತು, ಸಂತೋಷವೇ ಆಯಿತು. ಓಡಿಹೋಗಿ ಕಿಟಕಿ ತೆರೆದು, "ಅಮ್ಮಾ, ಸ್ವಲ್ಪ ಈ ಕಡೆ ನೋಡಿ!" ಎಂದು ಕೂಗಿದೆ. ಬೆಡ್‌ಶೀಟುಗಳ ಹಿಂದಿನಿಂದ ಕೋಲು ಎದ್ದಿತು. "ಇವತ್ತು ಗುರುವಾರ! ಗುರುವಾರಾನೂ ಶುರು ಮಾಡಿದ್ಯಾ?" ಎಂಬ ಗರ್ಜನೆ ಬಂತು, ಎದುರು ಕಿಟಕಿ ಧಡಾರೆಂದು ಮುಚ್ಚಿತು. ಎಂಟು ವರ್ಷದ ನನ್ನ ಸಂಪಾದನೆ ಅದು.

"ಬನ್ನಿ, ಸುತ್ತಿಹಾಕ್ಕೊಂಡು ಹೋಗಿ ಬಾಗಿಲು ತಟ್ಟೋಣ," ಎಂದೆ.

ಇಸ್ತ್ರಿಯಮ್ಮ ಅಲ್ಲಾಡಲಿಲ್ಲ. ಮೂರು ದಿನದಿಂದ ಅಷ್ಟು ಗಟ್ಟಿಯಾಗಿದ್ದವರು ಪುಟ್ಟ ಹುಡುಗಿಯ ಹಾಗೆ ಕಿಟಕಿಯ ಕಟ್ಟೆ ಹಿಡಿದು ನಿಂತಿದ್ದರು. "ಬಾಗಿಲು ತೆಗೆದು ಯಾರು ನೀವು ಅಂದ್ರೆ? ನಾನೂ ಮುದುಕಿಯಾಗಿದೀನಿ. ಗುರುತು ಸಿಗದೆ ಬಾಗಿಲು ಹಾಕಿಬಿಟ್ರೆ ನಾನು ತಡ್ಕೊಳ್ಳಲ್ಲಮ್ಮ."

"ಹಾಗಾದ್ರೆ ಇಲ್ಲಿಂದಲೇ ಹಾಡಿ," ಎಂದೆ.

"ಕೇಳಿಸಲ್ಲ ಅಂತ ಮಾತು ಕೊಟ್ಟಿದೀನಲ್ಲ."

"ಮಾತು ಕೊಟ್ಟಿದ್ದು ಸಿಟ್ಟಲ್ಲಿ. ಈಗ ಸಿಟ್ಟಿದ್ಯಾ?"

ಅವರು ಕಿಟಕಿಯಿಂದ ತಲೆ ಹೊರಹಾಕಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹಾಡಿದರು.

ದೇವರಾಣೆ, ಅಂಥ ಹಾಡನ್ನು ನಾನು ಕೇಳಿಲ್ಲ. ಮೊದಲ ಸಾಲು ಹೇಗೋ ನಿಂತಿತು. ಎರಡನೆಯದು ತೂರಾಡಿತು. ಮೂರನೆಯ ಸಾಲು ಇಳಿಯಬೇಕಾದ ಕಡೆ ಏರಿ, ಏರಿದ್ದು ಇಳಿಯಲು ದಾರಿ ಕಾಣದೆ ಅಲ್ಲೇ ಕೂತು ಅಳುತ್ತಿತ್ತು. ನೋಟಿಸು ಕೊಟ್ಟ ನಗರಸಭೆಯ ಬಗ್ಗೆ ನನಗೆ ಮೊದಲ ಬಾರಿ ಗೌರವ ಬಂತು.

ಎದುರು ಕಿಟಕಿ ತೆರೆಯಿತು. ಬೆಡ್‌ಶೀಟು ಪಕ್ಕಕ್ಕೆ ಸರಿಯಿತು. ಬೆಳ್ಳಗಿನ ತಲೆಗೂದಲಿನ, ಉದ್ದ ಮುಖದ ಹೆಂಗಸೊಬ್ಬರು ಕೋಲು ಎತ್ತಿಕೊಂಡೇ ನಿಂತಿದ್ದರು. ಮೂಗು ಉಬ್ಬಿತ್ತು.

"ಮೂರನೇ ಸಾಲು ಕೆಳಗಿಳೀಬೇಕು ಕಣೇ!" ಎಂದು ಅಲ್ಲಿಂದಲೇ ಕೂಗಿದರು. "ಎಷ್ಟು ಸಲ ಹೇಳಿದೀನಿ ನಿನಗೆ!"

ಇಸ್ತ್ರಿಯಮ್ಮನ ಹಾಡು ನಿಂತುಹೋಯಿತು. ಎದುರಿನವರ ಕೋಲು ನಿಧಾನಕ್ಕೆ ಇಳಿಯಿತು.

"ಯಾಕೆ ನಿಲ್ಲಿಸಿದೆ?" ಎಂದರು ಅಕ್ಕ. ಆ ಗಂಟಲು ಅಷ್ಟು ಸಣ್ಣಗಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. "ಪೂರ್ತಿ ಹಾಡು."

ತಂಗಿ ಪೂರ್ತಿ ಹಾಡಿದರು. ಅಕ್ಕ ಒಂದು ಸಲವೂ ತಿದ್ದಲಿಲ್ಲ. ನಾನು ಶಾಯಿ ಮೆತ್ತಿದ ಮುಖವನ್ನು ಕಪಾಟಿನ ಕಡೆ ತಿರುಗಿಸಿಕೊಂಡು ನಿಂತೆ, ಅತ್ತರೆ ನೀಲಿ ಕಣ್ಣೀರು ಬಂದೀತೆಂದು.

ಶುಕ್ರವಾರ ಹನ್ನೊಂದರ ಮದುವೆಗೆ ಅಕ್ಕ ಹತ್ತೂ ಐವತ್ತಕ್ಕೇ ಬಂದು ಕುಳಿತಿದ್ದರು. ಸಹಿ ಹಾಕುವ ಮೊದಲು ನೋಂದಣಿ ಪುಸ್ತಕವನ್ನು ಪೂರ್ತಿ ಓದಿ ನಾಲ್ಕು ತಪ್ಪು ತೋರಿಸಿದರು. ವರ ಬಂದದ್ದು ಹನ್ನೊಂದೂ ಎರಡಕ್ಕೆ.

"ಆ ಎರಡು ನಿಮಿಷದ ಆಸಾಮಿ ನೀವೇನಾ?" ಎಂದು ಅಕ್ಕ ಹುಬ್ಬು ಗಂಟಿಕ್ಕಿದರು.

ಆತ ಕೈಬೀಸಿ ನಕ್ಕರು. ಎರಡನೆಯ ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಅಕ್ಕ ನನ್ನ ಸಹಿಯನ್ನು ನೋಡಿದರು, ಮೂಗು ಸ್ವಲ್ಪ ಉಬ್ಬಿತು. ಅವರ ಬೆಡ್‌ಶೀಟುಗಳನ್ನೆಲ್ಲ ಒಗೆದು ಕೊಡುತ್ತೇನೆ ಎಂದೆ. "ಇಸ್ತ್ರೀನೂ ಆಗ್ಬೇಕು," ಎಂದರು. ಅದನ್ನು ತಂಗಿ ಮಾಡಿಕೊಟ್ಟರು.

ಈಗ ನಾನು ಧೂಳು ಕೊಡವುವುದು ಮುಂದಿನ ಅಂಗಳದಲ್ಲಿ. ಮೇಜು ಮತ್ತೆ ಕುಂಟುತ್ತಿದೆ, ಹನ್ನೆರಡನೆಯ ಸಲ ಬರೆದಿದ್ದೇನೆ. ನನ್ನ ಹೆಸರಿಗೆ ಬರುವ ಲಕೋಟೆಗಳನ್ನೆಲ್ಲ ಒಡೆದು ಓದುತ್ತೇನೆ. ಮೊನ್ನೆ ಸೋಮವಾರ ಒಂದು ಬಂದಿತ್ತು, ಸೈನಿಕರ ಸಾಲಿನ ಅಕ್ಷರ.

'ಹೊಸದಾಗಿ ಮದುವೆಯಾದ ನನ್ನ ತಂಗಿಯು ಪ್ರತಿ ಭಾನುವಾರ ಬೆಳಿಗ್ಗೆ ಆರರಿಂದ ಏಳು ಗಂಟೆಯವರೆಗೆ ನಮ್ಮ ಮನೆಯಲ್ಲಿ ಹಾಡುವುದೆಂದು ಒಪ್ಪಂದವಾಗಿದೆ. ನಿನ್ನೆ ಆಕೆ ಬಂದದ್ದು ಆರು ಗಂಟೆ ಹತ್ತು ನಿಮಿಷಕ್ಕೆ. ಹಾಡು ಹತ್ತು ನಿಮಿಷ ಕಡಿಮೆಯಾಯಿತು. ದಯವಿಟ್ಟು ಕೂಡಲೇ ಕ್ರಮ ಕೈಗೊಳ್ಳಿ.'

'ಕಡಿಮೆಯಾಯಿತು' ಎಂಬುದರ ಕೆಳಗೆ ಅಳತೆಪಟ್ಟಿಯ ಗೆರೆ ಇತ್ತು. ಯಾವ ಕಟ್ಟಿಗೆ ಸೇರಿಸುವುದು ಎಂದು ಬಹಳ ಹೊತ್ತು ಯೋಚಿಸಿದೆ. ಕೊನೆಗೆ ಹಿಂದಿನ ಓಣಿ, 'ಸದ್ದು' ಎಂದೇ ಬರೆದೆ. ಆಮೇಲೆ ನೋಟಿಸಿನ ಕಾಗದವೊಂದನ್ನು ತೆಗೆದು, ಇಸ್ತ್ರಿಯಮ್ಮನ ಹೊಸ ವಿಳಾಸ ಬರೆದು, ಗಟ್ಟಿಯಾಗಿ ಮುದ್ರೆ ಕುಟ್ಟಿದೆ.